ಕ್ಯಾಂಪರ್ ವ್ಯಾನಿಗೆ ಎಸ್‌ಯುವಿ ಟೈರ್ ಹಾಕಿಸಬಹುದಾ?

ನಿಮ್ಮ ಕ್ಯಾಂಪರಿಗೆ (ಮಲಗೋಕೆ, ಅಡುಗೆಗೆ ವ್ಯವಸ್ಥೆ ಇರೋ ವ್ಯಾನು) ಅದೇ ಸೈಜಿನ ಎಸ್‌ಯುವಿ ಟೈರ್ ಕಡಿಮೆ ರೇಟಿಗೆ ಸಿಗುತ್ತೆ, ಹಾಕಿಸ್ಲಾ ಅಂತ ಕೇಳಿದ್ದೀರಿ. ಬೇಡ ಸರ್. ಸೈಜ್ ಒಂದೇ ಆದರೂ ಹೊರುವ ತಾಕತ್ತು ಬೇರೆ. ಸೈಜಿನ ಪಕ್ಕದ ಅಂಕಿ ನೋಡಿ: 100 ಅಂದ್ರೆ ಒಂದು ಟೈರಿಗೆ 800 ಕೆಜಿ, 109 ಅಂದ್ರೆ 1030. ಸೈಜಿನ ಜೊತೆ 'ಸಿ' ಇರೋ ಕಮರ್ಷಿಯಲ್ ಟೈರೇ ನೋಡಿ.

ಮೊದಲು ನೀರು, ಗ್ಯಾಸ್ ತುಂಬಿಸಿ, ಮನೆಯವರನ್ನೂ ಕೂರಿಸಿಕೊಂಡು ಬೆಂಗಳೂರಿನ ತುಮಕೂರು ರಸ್ತೆ ಕಡೆ ಯಾವುದಾದ್ರೂ ವೇ ಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್ ಮಾತ್ರ ತೂಗಿಸಿ. ಹಿಂದೆ ಪಕ್ಕಕ್ಕೊಂದೇ ಟೈರ್ ಇರೋ (ಸಿಂಗಲ್ ವೀಲ್) ಗಾಡಿಗೆ 1700 ಕೆಜಿ ಬಂತು ಅಂದ್ರೆ ಟೈರಿಗೆ 850. ಟ್ಯಾಂಕು, ಅಡುಗೆ ಕಟ್ಟೆ ಎರಡೂ ಒಂದೇ ಪಕ್ಕ ಇದ್ರೆ ಆ ಕಡೆ ಇನ್ನೂ ಜಾಸ್ತಿ. 100ರ ಟೈರ್ ಅಲ್ಲೇ ಸೋತುಹೋಯ್ತು. ಹೈವೇ ಬಿಸಿಗೆ ಒಳಗಿನ ಪದರ ಬಿಟ್ಟು ಸಿಡಿಯೋದು ಹೀಗೇ.

ಜೆ.ಸಿ. ರೋಡಲ್ಲಿ ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ. 2319 ಅಂದ್ರೆ 2019ರ 23ನೇ ವಾರದ ಮಾಲು. ಕ್ಯಾಂಪರ್ ನಿಂತಲ್ಲೇ ನಿಂತಿರುತ್ತೆ, ಟೈರಿನ ಬಟನ್ ಸವೆಯೋ ಮುಂಚೆ ವಯಸ್ಸಾಗಿ ಸೈಡ್‌ವಾಲ್ (ಪಕ್ಕದ ಗೋಡೆ) ಬಿರಿಯುತ್ತೆ. 65 ಪಿಎಸ್‌ಐ ಮೀರಿ ಗಾಳಿ ಬೇಕಾದ್ರೆ ರಬ್ಬರ್ ವಾಲ್ವ್ ತೆಗೆಸಿ ಮೆಟಲ್‌ದು ಹಾಕಿಸಿ. ಸ್ಟೆಪ್ನಿಗೂ ಇದೇ ಲೆಕ್ಕ.