ಕೇಸ್ ಬೇಡ ಅನ್ನುವವರಿಗೂ ದಾರಿ ಇದೆ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಾನು ಊರಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಬೀದಿಯ ಒಬ್ಬಾಕೆ ಬ್ಲೌಸ್ ಹೊಲಿಸಲು ಬರುತ್ತಾಳೆ. ಮೊದಲು ಗಿಡ್ಡ ತೋಳು ಇಡಿಸುತ್ತಿದ್ದವಳು ಈಗ ಮೊಣಕೈ ದಾಟಬೇಕು ಅನ್ನುತ್ತಾಳೆ. ಅಳತೆ ಟೇಪು ತಾಗಿದರೂ ಮುಖ ಕಿವುಚುತ್ತಾಳೆ. ಗಂಡ ಕುಡಿದು ಹೊಡೆಯುತ್ತಾನೆ, ತೋಟದ ಬಟವಾಡೆ ದುಡ್ಡನ್ನೂ ಕಿತ್ತುಕೊಳ್ಳುತ್ತಾನೆ. ಕಂಪ್ಲೇಂಟ್ ಕೊಡು ಅಂದರೆ, 'ಕೇಸ್ ಬೇಡ ಅಕ್ಕ, ಇಬ್ಬರು ಮಕ್ಕಳಿದ್ದಾರೆ, ಮನೆ ಅತ್ತೆ ಹೆಸರಲ್ಲಿದೆ, ಹೊಡೆಯೋದೊಂದು ನಿಂತರೆ ಸಾಕು' ಅನ್ನುತ್ತಾಳೆ. ನಾನು ಸುಮ್ನೆ ಇರಲಾ? ಮಧ್ಯೆ ಹೋದರೆ ನನ್ನ ಮೇಲೇ ಬರುತ್ತಾ?"

ಸುಮ್ಮನಿರಬೇಡಿ. ಹಾಗಂತ ಆಕೆಯ ಗಂಡನಿಗೆ ಬುದ್ಧಿ ಹೇಳಲೂ ಹೋಗಬೇಡಿ. ನೀವು ಹೇಳಿದ ಮಾತಿಗೆ ಆ ರಾತ್ರಿ ಏಟು ತಿನ್ನುವವಳು ಆಕೆ.

"ಹೊಡೆಯೋದೊಂದು ನಿಂತರೆ ಸಾಕು" ಅಂದಳಲ್ಲ, ಆ ಮಾತು ಕೇಳಿ ನೀವು ಬೇಸರ ಮಾಡಿಕೊಂಡ ಹಾಗಿದೆ. ಬೇಸರ ಬೇಡ. ಅಷ್ಟನ್ನೇ ಕೇಳುವ ಹೆಂಗಸರಿಗಾಗಿ ಒಂದು ಕಾಯ್ದೆ ಇದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಇದರಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಗಂಡ ಜೈಲಿಗೆ ಹೋಗುವುದಿಲ್ಲ. ವಿಚ್ಛೇದನವೂ ಆಗುವುದಿಲ್ಲ. ಹೊಡೆಯಬಾರದು, ಬೆದರಿಸಬಾರದು, ಮನೆಯಿಂದ ಹೊರಗೆ ಹಾಕಬಾರದು, ಖರ್ಚಿಗೆ ಇಷ್ಟು ಕೊಡಬೇಕು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ. ಆಮೇಲೂ ಕೈ ಎತ್ತಿದರೆ ಅದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಬೇರೆ. ಹಿರಿಯರು ಕೂತು ಪಂಚಾಯ್ತಿ ಮಾಡುತ್ತಾರೆ. ಇಲ್ಲವೇ ಠಾಣೆಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಸ್ವಲ್ಪ ದಿನ ಅವನು ತಣ್ಣಗಿರುತ್ತಾನೆ, ಆಮೇಲೆ ಮತ್ತೆ ಶುರು. "ಹೊಂದಿಕೊಂಡು ಹೋಗಮ್ಮ" ಅನ್ನುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ಹೊಂದಿಕೊಂಡು ಸಾಕಾದ ಮೇಲೇ ಅಲ್ವಾ ಆಕೆ ಬಾಯಿಬಿಟ್ಟಿದ್ದು? ಮುಚ್ಚಳಿಕೆಗೆ ಕೋರ್ಟಿನ ಆದೇಶದ ಬಲ ಇಲ್ಲ. ಈ ವ್ಯತ್ಯಾಸವನ್ನು ಆಕೆಗೆ ನಿಧಾನವಾಗಿ ಬಿಡಿಸಿ ಹೇಳಿ. "ಕೇಸ್" ಅಂದಕೂಡಲೇ ಆಕೆಯ ಕಣ್ಣಿಗೆ ಕಾಣುವುದು ಪೊಲೀಸ್ ಜೀಪು. ಕ್ರೂರವಾಗಿ ನಡೆಸಿಕೊಂಡ ಗಂಡ ಮತ್ತು ಅವನ ಮನೆಯವರ ಮೇಲೆ ಕ್ರಿಮಿನಲ್ ದೂರಿನ ದಾರಿಯೂ ಇದೆ. ಹಿಂದೆ 498ಎ ಅನ್ನುತ್ತಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದು ಬೇಕೋ ಬೇಡವೋ ಆಕೆ ಯೋಚಿಸಲಿ. ಅದಿಲ್ಲದೆಯೂ ರಕ್ಷಣೆ ಕೇಳಬಹುದು.

ಎಲ್ಲಿಗೆ ಹೋಗಬೇಕು? ನಿಮ್ಮ ತಾಲ್ಲೂಕಿನ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಕಚೇರಿ ಅಂತಷ್ಟೇ ಹೆಚ್ಚಿನವರಿಗೆ ಗೊತ್ತು. ಆದರೆ ಕರ್ನಾಟಕದಲ್ಲಿ ಸಿಡಿಪಿಓ ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. ಹೋಗಲು ಇದೊಂದು ಅನುಕೂಲದ ಜಾಗ ಕೂಡ. ಠಾಣೆ ಮೆಟ್ಟಿಲು ಹತ್ತಿದರೆ ಊರಿಗೆಲ್ಲ ಗೊತ್ತಾಗುತ್ತೆ. ಅಂಗನವಾಡಿ ಕಚೇರಿಗೆ ಮಕ್ಕಳ ತಾಯಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿ ಆಕೆ ಹೇಳಿದ್ದನ್ನು ಡಿಐಆರ್ (ಕೌಟುಂಬಿಕ ಹಿಂಸೆಯ ವರದಿ) ಎಂಬ ನಮೂನೆಯಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ, ಕೋರ್ಟಿಗೆ ಅರ್ಜಿ ಹಾಕಲೂ ನೆರವಾಗುತ್ತಾರೆ. ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ. ನಿಜ ಹೇಳಬೇಕೆಂದರೆ ಅದಕ್ಕಿಂತ ಜಾಸ್ತಿ ಎಳೆಯುವುದುಂಟು. ಅದಕ್ಕೇ ಮಧ್ಯಂತರ ಆದೇಶವನ್ನು, ಅಂದರೆ ತೀರ್ಮಾನ ಆಗುವವರೆಗಿನ ತಾತ್ಕಾಲಿಕ ಆದೇಶವನ್ನು, ಅರ್ಜಿಯಲ್ಲೇ ಕೇಳಬೇಕು. ತುರ್ತು ಇದ್ದರೆ ಗಂಡ ಕೋರ್ಟಿಗೆ ಬರುವ ಮೊದಲೇ ಅದನ್ನು ಕೊಡಲು ಅವಕಾಶ ಇದೆ. ಆಕೆ ತವರಿಗೆ ಹೋಗಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡಬೇಕು. ಅದಕ್ಕೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ.

ಮನೆ ಅತ್ತೆ ಹೆಸರಲ್ಲಿದೆ ಅನ್ನುವ ಹೆದರಿಕೆಗೂ ಉತ್ತರ ಇದೆ. ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕನ್ನು ಸೊಸೆ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆಸ್ತಿಯಲ್ಲಿ ಪಾಲು ಬರುತ್ತೆ ಅಂತಲ್ಲ. ಕೋರ್ಟಿನ ಮೂಲಕ ಹೊರತು ಬೀದಿಗೆ ತಳ್ಳುವ ಹಾಗಿಲ್ಲ, ಅಷ್ಟೇ. ಬಟವಾಡೆ ಕಿತ್ತುಕೊಳ್ಳುವುದು, ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡ್ ಇಟ್ಟುಕೊಳ್ಳುವುದು ಕೂಡ ಹಿಂಸೆಯೇ. ಕಾಯ್ದೆ ಅದನ್ನು ಆರ್ಥಿಕ ಹಿಂಸೆ ಎಂದೇ ಕರೆಯುತ್ತದೆ. ಅರ್ಜಿಯಲ್ಲಿ ಇದನ್ನು ಬರೆಸುವುದು ಮರೆಯಬೇಡಿ. ಜೀವನಾಂಶ ಕೇಳುವಾಗ ಬೇಕಾಗುತ್ತೆ.

ಇನ್ನು ನಿಮ್ಮ ಮೇಲೆ ಬರುತ್ತಾ ಅಂದಿರಿ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಆದರೂ ಆಕೆಯನ್ನು ಕೇಳದೆ ಹೋಗಬೇಡಿ. ಗಂಡನ ಮನೆಯಲ್ಲಿ ಆಕೆಯ ಮಾತಿಗೆ ಬೆಲೆ ಇಲ್ಲ, ನಮ್ಮ ಹತ್ತಿರವಾದರೂ ಇರಲಿ. ಜೀವಕ್ಕೇ ಅಪಾಯ ಕಂಡರೆ ಮಾತ್ರ ಯಾರನ್ನೂ ಕಾಯದೆ 112 ಒತ್ತಿ.

ಅಪಾಯದ ಗುರುತು ಯಾವುದು ಗೊತ್ತೇ? "ಕತ್ತು ಹಿಸುಕಿದ್ದಾನಾ?" ಎಂದು ಒಮ್ಮೆ ಕೇಳಿ. ಹೌದು ಅಂದರೆ ತಡ ಮಾಡಬೇಡಿ. ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಹೆಚ್ಚು. ಹೊರಗೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಡಾಕ್ಟರಿಗೆ ತೋರಿಸಲೇಬೇಕು. ಆಸ್ಪತ್ರೆಯಲ್ಲಿ "ಬಚ್ಚಲಲ್ಲಿ ಜಾರಿಬಿದ್ದೆ" ಅಂದರೆ ಡಾಕ್ಟರು ಅದನ್ನೇ ಬರೆಯುತ್ತಾರೆ. ಗಂಡ ಹೊಡೆದ ಅಂದರೆ ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ ಆಗಿ ದಾಖಲಾಗುತ್ತದೆ, ಪೊಲೀಸರಿಗೂ ತಿಳಿಸುತ್ತಾರೆ. ಇದನ್ನು ಆಕೆಗೆ ಮುಂಚೆಯೇ ಹೇಳಿರಿ, ಅಲ್ಲಿ ಹೋಗಿ ಗಾಬರಿಯಾಗಬಾರದು. ಓಪಿಡಿ ಚೀಟಿ ಜೋಪಾನವಾಗಿರಲಿ.

ಆ ಚೀಟಿ, ಮಕ್ಕಳ ಜನನ ಪತ್ರ, ಪಾಸ್‌ಬುಕ್, ರೇಷನ್ ಕಾರ್ಡಿನ ಜೆರಾಕ್ಸ್ ಎಲ್ಲ ನಿಮ್ಮ ಅಂಗಡಿಯಲ್ಲಿ ಇರಲಿ. ಬಟ್ಟೆ ಹೊಲಿಸುವ ನೆಪ ಸಾಕು, ಒಂದೊಂದಾಗಿ ತಂದುಕೊಡಬಹುದು. ಆಧಾರ್ ಮಾತ್ರ ಆಕೆಯ ಕೈಯಲ್ಲೇ ಇರಲಿ. ದುಡ್ಡಿಲ್ಲದೆ ಹೊರಟರೂ ಅದನ್ನು ತೋರಿಸಿ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಹತ್ತಿ ಹಾಸನ ಸೇರಬಹುದು. ಫೋನಿಗೆ ಮೆಸೇಜ್ ಕಳಿಸಬೇಡಿ, ಅವನು ನೋಡುತ್ತಾನೆ. ಹೊರಡುವ ವಿಚಾರ ಅವನಿಗೆ ಮೊದಲೇ ಗೊತ್ತಾಗುವುದು ಎಲ್ಲಕ್ಕಿಂತ ಅಪಾಯ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟೂ ಹೋಗಿ ನೆಟ್‌ವರ್ಕೂ ಹೋಗುತ್ತೆ, ಸಂಜೆ ಮೇಲೆ ಬಸ್ಸೂ ಕಡಿಮೆ. ಹಾಗಾಗಿ ರಾತ್ರಿ ಓಡಿ ಬಂದರೆ ಯಾರ ಮನೆ, ಯಾರ ಆಟೋ ಅನ್ನುವುದನ್ನು ಈಗಲೇ ಮಾತಾಡಿಟ್ಟುಕೊಳ್ಳಿ.

ಹಾಸನದಲ್ಲಿ ಸಖಿ ಕೇಂದ್ರ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಚಿಕಿತ್ಸೆ, ಆಪ್ತ ಸಮಾಲೋಚನೆ, ವಕೀಲರು, ಪೊಲೀಸ್ ನೆರವು ಒಂದೇ ಕಡೆ ಸಿಗಲಿ ಎಂದೇ ಇದನ್ನು ಮಾಡಿರುವುದು. ಮಕ್ಕಳ ಜೊತೆ ಕೆಲವು ದಿನ ಉಳಿಯಬಹುದು. ಹೆಚ್ಚು ದಿನ ಬೇಕಾದರೆ ಆಶ್ರಯ ಮನೆಗೆ ಕಳಿಸಿಕೊಡುತ್ತಾರೆ. 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆ ಫೋನ್ ನಿಮ್ಮ ಅಂಗಡಿಯಿಂದಲೇ ಹೋಗಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಕಂಡಿದ್ದೇವೆ ಎಂದಿದ್ದರು. ಇಡೀ ದೇಶದಲ್ಲಿ ಹಿಂಸೆ ಕಂಡವರ ಪೈಕಿ ಯಾರದಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಈಕೆ ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳೆ. ಮತ್ತೆ ಬಂದಾಗ ಗಂಡನನ್ನು ಬಿಟ್ಟು ಬಾ ಎಂದೂ ಹೇಳಬೇಡಿ, ತಾಳ್ಮೆ ಇರಲಿ ಎಂದೂ ಹೇಳಬೇಡಿ. "ಸಿಡಿಪಿಓ ಕಚೇರಿಗೆ ನಾನೂ ಬರುತ್ತೇನೆ, ಯಾವ ದಿನ ಆಗುತ್ತೆ?" ಎಂದು ಕೇಳಿ. ಈಗ ಬೇಡ ಅಂದರೆ ಮುನಿಸಿಕೊಳ್ಳಬೇಡಿ, ಮುಂದೆ ಇನ್ನೊಮ್ಮೆ ಕೇಳಿ. ಕಚೇರಿಯಲ್ಲಿ ಡಿಐಆರ್ ಬರೆದ ಮೇಲೆ ಒಂದು ಪ್ರತಿ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ. ಬರೆದುಕೊಳ್ಳದೆ ಸಾಗಹಾಕಿದರೆ ಕಾನೂನು ಸೇವಾ ಸಮಿತಿಗೆ ಹೋಗಿ, ನಮಗೂ ಒಂದು ಪತ್ರ ಹಾಕಿ.