ಬೇರೆ ತಟ್ಟೆ, ಬೇರೆ ಹಾಸಿಗೆ

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಇಲ್ಲಿ ಲೀಲಕ್ಕ ಎನ್ನೋಣ. ವಯಸ್ಸು 46. ಸೋಮವಾರಪೇಟೆ ಕಡೆಯವರು. ಸ್ವಲ್ಪ ಕಾಫಿ ತೋಟ, ನಡುವೆ ಒಂದಷ್ಟು ಮೆಣಸಿನ ಬಳ್ಳಿ.

ಜುಲೈ ತಿಂಗಳ ಮಳೆಯಲ್ಲಿ ಗಂಡನ ಜೊತೆ ಮಡಿಕೇರಿಗೆ, ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು. ಸ್ತನ ಕ್ಯಾನ್ಸರ್ ಆಗಿ ಎಡಗಡೆ ಸ್ತನ ತೆಗೆದು ಮೂರು ತಿಂಗಳಾಗಿತ್ತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಮೈಸೂರಿನಲ್ಲಿ ಕೀಮೋ ನಡೀತಿತ್ತು. ಕೂದಲು ಉದುರಿದ ತಲೆಗೆ ಉಣ್ಣೆ ಟೋಪಿ. ಗಂಡ ಒಳಗೆ ಬರಲಿಲ್ಲ. ಒದ್ದೆ ಕೊಡೆ ಹಿಡಿದುಕೊಂಡು ಹೊರಗಿನ ಬೆಂಚಿನಲ್ಲೇ ಕೂತರು.

ಮಾತು ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ನಾನು "ಧೈರ್ಯವಾಗಿರಿ ಅಕ್ಕ" ಅಂದುಬಿಟ್ಟೆ. ಅವರು ನಕ್ಕರು. "ಈ ಮಾತು ಎಷ್ಟು ಜನ ಹೇಳಿದ್ದಾರೆ ಗೊತ್ತಾ ಮೇಡಂ? ಧೈರ್ಯ ಅಂಗಡೀಲಿ ಸಿಗುತ್ತಾ?" ಇಷ್ಟು ವರ್ಷ ಈ ಕೆಲಸ ಮಾಡಿಯೂ ಆ ಮಾತು ನನ್ನ ಬಾಯಿಗೆ ಬಂತಲ್ಲ ಅಂತ ನಾಚಿಕೆಯಾಯಿತು. ಸುಮ್ಮನೆ ಕೇಳುತ್ತಾ ಕೂತೆ.

ಗಂಟು ಕೈಗೆ ಸಿಕ್ಕಿದ್ದು ಜನವರಿಯಲ್ಲಂತೆ. ರೋಬಸ್ಟಾ ಕೊಯ್ಲಿನ ಸಮಯ. ನೋವಿರಲಿಲ್ಲ. ಕೊಯ್ಲು ಮುಗಿಯಲಿ ಅಂತ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. "ನಾನೇ ಮಾಡ್ಕೊಂಡಿದ್ದು" ಅಂತ ಮೂರು ಸಲ ಹೇಳಿದರು. ಶುರುವಿನಲ್ಲಿ ಈ ಗಂಟು ಹೆಚ್ಚಾಗಿ ನೋಯುವುದಿಲ್ಲ, ಮೋಸ ಇರುವುದೇ ಅಲ್ಲಿ. ತಡ ಮಾಡಿದ್ದು ಬೇರೆ, ಕಾಯಿಲೆ ತಂದುಕೊಂಡಿದ್ದು ಬೇರೆ ಅಂದೆ. ಅಷ್ಟಕ್ಕೆ ಸಮಾಧಾನ ಆಯಿತು ಅಂತೇನೂ ಇಲ್ಲ.

ಆಮೇಲೆ ನಿಜವಾದ ಸಂಗತಿ ಬಂತು. "ಅತ್ತೆ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಇವರು ಹಾಲ್‌ನಲ್ಲಿ ಮಲಗ್ತಾರೆ. ಅಡುಗೆಮನೆಗೂ ಬಿಡಲ್ಲ. ನಾನು ಆ ಮನೆಗೆ ಬೇಡವಾದೆ."

ಕ್ಯಾನ್ಸರ್ ಅಂಟುವ ಕಾಯಿಲೆ ಅಲ್ಲ ಅಂತ ಹೇಳುವುದು ಸುಲಭವಿತ್ತು. ಅದು ಅವರಿಗೂ ಗೊತ್ತಿತ್ತು. ಯಾಕೆ ಬೇರೆ ಇಟ್ಟಿದ್ದಾರೆ ಅಂತ ಕೇಳಿದ್ರಾ ಅಂದೆ. "ಅದನ್ನೆಲ್ಲ ಹೇಗೆ ಕೇಳೋದು?"

ಅವರ ಒಪ್ಪಿಗೆ ಪಡೆದು ಗಂಡನನ್ನು ಒಳಗೆ ಕರೆದೆ. ಅವರು ಕೊಡೆಯ ತುದಿಯನ್ನೇ ನೋಡುತ್ತಿದ್ದರು. ಅದರ ಕೆಳಗೆ ನೀರು ನಿಂತಿತ್ತು. ತುಂಬಾ ಹೊತ್ತಾದ ಮೇಲೆ ಬಾಯಿಬಿಟ್ಟರು. "ನಿದ್ದೆಯಲ್ಲಿ ನನ್ನ ಕೈ ಎಲ್ಲಿ ಗಾಯಕ್ಕೆ ತಾಗುತ್ತೋ ಅಂತ." ತಟ್ಟೆಯ ಕತೆಯೂ ಅಷ್ಟೇ. ಕೀಮೋ ಸಮಯದಲ್ಲಿ ರಕ್ತದ ಬಿಳಿ ಕಣ ಕಡಿಮೆಯಾಗುತ್ತೆ, ಬೇಗ ಸೋಂಕು ತಗಲುತ್ತೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ತಮ್ಮಿಂದ ಸೊಸೆಗೆ ಏನಾದರೂ ಬಂದೀತು ಅಂತ ಅತ್ತೆ ಅವಳ ತಟ್ಟೆಯನ್ನು ದಿನಾ ಬಿಸಿನೀರಲ್ಲಿ ಕುದಿಸಿ ಬೇರೆ ಇಡುತ್ತಿದ್ದರು.

"ಹೇಳಬಾರದಿತ್ತಾ?" ಅಂದರು ಲೀಲಕ್ಕ.

"ನೀನು ಕೇಳಲಿಲ್ವಲ್ಲ."

ಎಲ್ಲ ಮನೆಯಲ್ಲೂ ಹೀಗೆ ಒಳಗೆ ಪ್ರೀತಿಯೇ ಇರುತ್ತೆ ಅಂದುಕೊಳ್ಳಬೇಡಿ. ಹೆಂಡತಿಯನ್ನು ತವರಿಗೆ ಬಿಟ್ಟು ಕೈತೊಳೆದುಕೊಂಡವರನ್ನೂ ನೋಡಿದ್ದೇನೆ. ಆದರೆ ಕೇಳದೆ ತೀರ್ಮಾನ ಮಾಡಿಕೊಂಡು ಕೊರಗುವವರೇ ಜಾಸ್ತಿ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಗಂಡ ಹಾಸಿಗೆಗೆ ವಾಪಸ್ ಬರಬೇಕು, ನಡುವೆ ಒಂದು ದಿಂಬು ಬೇಕಾದರೆ ಇರಲಿ. ಮುಟ್ಟುವುದು ಯಾವಾಗ, ಎಷ್ಟು ಅಂತ ಲೀಲಕ್ಕನೇ ಹೇಳಲಿ. ಗಾಯದ ಗುರುತನ್ನು ಅವರು ಅದುವರೆಗೂ ಕನ್ನಡಿಯಲ್ಲಿ ನೋಡಿರಲಿಲ್ಲ. ಮೊದಲು ಒಬ್ಬರೇ ನೋಡಿ, ಗಂಡನಿಗೆ ತೋರಿಸುವ ಮಾತು ಆಮೇಲೆ, ಅದೂ ಇಷ್ಟವಿದ್ದರೆ ಅಂದೆ. ತೋಟದ ಲೆಕ್ಕದ ಪುಸ್ತಕ ಮತ್ತೆ ಅವರ ಕೈಗೆ ಬರಬೇಕು. ಕೂಲಿ, ಗೊಬ್ಬರ, ಮೆಣಸಿನ ದರ ಎಲ್ಲ ಅವರೇ ಬರೆಯುತ್ತಿದ್ದವರು. ರೋಗಿಗೆ ವಿಶ್ರಾಂತಿ ಬೇಕು, ನಿಜ. ಆದರೆ ಇದ್ದ ಕೆಲಸವೆಲ್ಲ ಕಿತ್ತುಕೊಂಡರೆ ಇಡೀ ದಿನ ಕಾಯಿಲೆಯೊಂದೇ ಉಳಿಯುತ್ತೆ.

ಹಣ್ಣು ತಂದು, ಜೊತೆಗೆ ಯಾರೋ ಸತ್ತ ಕತೆಯನ್ನೂ ತರುವ ನೆಂಟರ ಜವಾಬ್ದಾರಿ ಅತ್ತೆಗೆ ಬಿಟ್ಟೆವು. ಜಗಲಿಯಲ್ಲೇ "ಮಲಗಿದ್ದಾಳೆ" ಅಂತ ಸುಳ್ಳು ಹೇಳಲು ಅವರಿಗೆ ನನ್ನ ಪೂರ್ತಿ ಅನುಮತಿ ಇತ್ತು.

ಈ ಬಾರಿ ಕೊಯ್ಲಿಗೆ ಇಳಿಯುವ ಆಸೆ ಲೀಲಕ್ಕನಿಗೆ. ಅದು ನಾನು ತೀರ್ಮಾನಿಸುವ ವಿಷಯವಲ್ಲ, ಸರ್ಜನ್ ಮತ್ತು ಫಿಸಿಯೋ ಹೇಳಬೇಕು. ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ವರ್ಷಗಳ ನಂತರವೂ ಊದಬಹುದು. ಉದ್ದ ತೋಳಿನ ಅಂಗಿ, ಗ್ಲೌಸ್ ಬೇಕು. ಇಂಬಳ ಕಚ್ಚದಂತೆ ನೋಡಿಕೊಳ್ಳಬೇಕು. ಬಿಪಿ, ಇಂಜೆಕ್ಷನ್ ಬಲಗೈಗೆ. ಎಡಗೈ ಕೆಂಪಾಗಿ ಬಿಸಿಯಾದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು.

ಮೈಸೂರಲ್ಲಿ ಓದುವ ಮಗಳಿಗೆ "ಸಣ್ಣ ಗಂಟು" ಅಂತ ಮಾತ್ರ ಹೇಳಿದ್ದರು. ಅವಳು ಮಾತ್ರೆಯ ಹೆಸರನ್ನು ಮೊಬೈಲಲ್ಲಿ ಹುಡುಕಿ ಎಲ್ಲ ತಿಳಿದುಕೊಂಡು ಹಾಸ್ಟೆಲಿನಲ್ಲಿ ಅಳುತ್ತಿದ್ದಳು. ನನಗೂ ಬರುತ್ತಾ ಅನ್ನುವ ಹೆದರಿಕೆ ಬೇರೆ. ನೂರರಲ್ಲಿ ಐದರಿಂದ ಹತ್ತು ಸ್ತನ ಕ್ಯಾನ್ಸರ್ ಮಾತ್ರ ವಂಶದಿಂದ ಬರುವಂಥವು. ಅಮ್ಮನ ಡಾಕ್ಟರನ್ನೇ ನೇರವಾಗಿ ಕೇಳು ಅಂತ ಕಳಿಸಿದೆ.

ನಿದ್ದೆ ಮಾತ್ರ ಸರಿಹೋಗಲಿಲ್ಲ. ಮನೋವೈದ್ಯರಿಗೆ ತೋರಿಸಿದೆವು. ಇಲ್ಲೊಂದು ಎಚ್ಚರ: ಸ್ತನ ಕ್ಯಾನ್ಸರ್ ಮರುಕಳಿಸದಂತೆ ಕೊಡುವ ಟಾಮೋಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಿಗೆ ಖಿನ್ನತೆಯ ಕೆಲವು ಮಾತ್ರೆಗಳು ಆಗಿಬರುವುದಿಲ್ಲ, ಟಾಮೋಕ್ಸಿಫೆನ್ನಿನ ಬಲ ತಗ್ಗಿಸಬಹುದು. ಹಾಗಾಗಿ ಎಲ್ಲ ಚೀಟಿ ಜೊತೆಗೆ ಒಯ್ಯಬೇಕು. ರಾತ್ರಿ ಹೊತ್ತು ಸಾಯುವ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಡಿಸೆಂಬರಿನಲ್ಲಿ ನಾದಿನಿಯ ಮಗಳ ಮದುವೆ. ಹೋಗಲ್ಲ ಅಂದರು. ಕಾರಣ ಸೀರೆ. ಕೊಡಗಿನ ಉಡುಗೆಯಲ್ಲಿ ಸೆರಗು ಎಡಗಂಕುಳಿನ ಕೆಳಗಿಂದ ಎದೆಯ ಮೇಲೆ ಬಿಗಿಯಾಗಿ ಬಂದು ಬಲಭುಜದಲ್ಲಿ ಪಿನ್ ಆಗುತ್ತೆ. ಮುಚ್ಚಿಕೊಳ್ಳಲು ನೆರಿಗೆಯೂ ಮುಂದಿಲ್ಲ. ತೆಗೆದ ಸ್ತನದ ಜಾಗಕ್ಕೆ ಹತ್ತಿ ತುಂಬಿದ ಚೀಲ ಇಟ್ಟು ನೋಡಿದರೆ ಕುತ್ತಿಗೆ ಕಡೆಗೆ ಏರಿ ಬರುತ್ತಿತ್ತಂತೆ. ತೂಕ ಬೇಕು, ಇನ್ನೊಂದು ಕಡೆಗೆ ಸರಿಸಮ ಇದ್ದರೆ ಭುಜಕ್ಕೂ ಒಳ್ಳೇದು ಅಂದೆ. ದೊಡ್ಡ ಊರುಗಳಲ್ಲಿ ಸಿಲಿಕೋನ್‌ನದು ಸಿಗುತ್ತೆ, ಬೆಲೆ ಜಾಸ್ತಿ. ಮನೆಯಲ್ಲೇ ಮೆತ್ತನೆ ಬಟ್ಟೆಯಲ್ಲಿ ಕಾಳು ತುಂಬಿ ಹೊಲಿಯಬಹುದು.

ಜನವರಿಯಲ್ಲಿ ಬಂದಾಗ ತಲೆಯಲ್ಲಿ ಅರ್ಧ ಬೆರಳು ಕೂದಲು. ಮೊಬೈಲಲ್ಲಿ ಮದುವೆಯ ಫೋಟೋ. ಚೀಲ ಹೊಲಿದದ್ದು ಅತ್ತೆಯಂತೆ. "ನಾನು ಹೆಸರುಕಾಳು ಹಾಕೋಣ ಅಂದೆ. ಬೇಡ, ನೀನು ಬೆವರಿದರೆ ಮೊಳಕೆ ಬರುತ್ತೆ ಅಂದ್ರು. ಸಾಸಿವೆ ಹಾಕಿ, ಮೆಣಸು ತೂಗುವ ತಕ್ಕಡೀಲಿ ತೂಗಿ ಕೊಟ್ಟಿದ್ದಾರೆ ಮೇಡಂ."