ಸೇಟಾನ್ ಮಾಡೋಕೆ ಯಾವ ಸ್ಲೋ ಕುಕ್ಕರ್ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಪುಣೆಯ ಕೋಥ್ರೂಡ್‌ನಲ್ಲಿ ಮನೆ, ಮೂರು ಜನ. ಮನೆಯವರು ಮಾಂಸ ಬಿಟ್ಟಿದ್ದಾರೆ, ಅದರ ಬದಲು ಗೋಧಿ ಗ್ಲುಟನ್‌ನಿಂದ ಸೇಟಾನ್ ಮಾಡುತ್ತಿದ್ದೀರಿ. ಪ್ರೆಶರ್ ಕುಕ್ಕರ್‌ನಲ್ಲಿ ಅದು ಸ್ಪಂಜಿನ ಹಾಗೆ ಉಬ್ಬಿಬಿಡುತ್ತದೆ. ಸ್ಲೋ ಕುಕ್ಕರ್ (ಕರೆಂಟಿನ ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಪಾತ್ರೆ) ನೋಡಿದರೆ ಒಂದೂವರೆ ಲೀಟರಿನಿಂದ ಆರೂವರೆ ಲೀಟರಿನವರೆಗೆ ಇವೆ. ಅಮೆರಿಕದಲ್ಲಿರುವ ತಮ್ಮ ಅಲ್ಲಿಂದಲೇ ತರ್ತೀನಿ ಅನ್ನುತ್ತಿದ್ದಾನೆ.

ಇಲ್ಲೇ ತಗೊಳ್ಳಿ. ಮೂರು, ಮೂರೂವರೆ ಲೀಟರಿನದು ಸಾಕು. ಮೊಟ್ಟೆಯಾಕಾರದ್ದು ಸಿಕ್ಕರೆ ಅದೇ ಇರಲಿ. ಒಳಗಿನ ಪಿಂಗಾಣಿ ಪಾತ್ರೆ ಹೊರಗೆ ತೆಗೆಯೋಕೆ ಬರಬೇಕು. ಬಟನ್ನಿನ ಡಿಜಿಟಲ್ ಬೇಡ, ತಿರುಗಿಸುವ ನಾಬ್ ಇರುವುದು ಬೇಕು. ನಾನೂ ಪುಣೆಯಲ್ಲೇ ಇದ್ದೇನೆ, ಇಂಥದ್ದರಲ್ಲೇ ಮಾಡುತ್ತೇನೆ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗ್ಲುಟನ್ ಹಿಗ್ಗುವ ಪ್ರೋಟೀನ್. ನಾದಿದ ಮುದ್ದೆಯ ಒಳಗೆ ನೀರಿರುತ್ತದೆ, ಗಾಳಿಯೂ ಇರುತ್ತದೆ. ಪ್ರೆಶರ್ ಕುಕ್ಕರ್ ಒಳಗಿನ ಬಿಸಿ ಸುಮಾರು 120 ಡಿಗ್ರಿ. ಪ್ರೆಶರ್ ಇಳಿಯುವಾಗ ಮುದ್ದೆಯೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಮುದ್ದೆ ಉಬ್ಬಿ ಒಳಗೆಲ್ಲ ತೂತು ಬೀಳುತ್ತದೆ. ತೆರೆದ ಪಾತ್ರೆಯಲ್ಲಿ ಕೊತಕೊತ ಕುದಿಸಿದರೂ ಸ್ವಲ್ಪ ಮಟ್ಟಿಗೆ ಇದೇ ಕಥೆ. ಗಟ್ಟಿಯಾಗಿ, ಹೋಳು ಹೋಳಾಗಿ ಕತ್ತರಿಸೋಕೆ ಬರಬೇಕು ಅಂದರೆ ಮುದ್ದೆ ಬೇಯುವ ಸಾರು ಕುದಿಯಬಾರದು. ಕುದಿಯ ಹತ್ತಿರ ಬಂದು ಅಲ್ಲೇ ನಿಂತಿರಬೇಕು. ಸ್ಲೋ ಕುಕ್ಕರಿನಿಂದ ನಮಗೆ ಆಗಬೇಕಾದ ಕೆಲಸ ಅದೊಂದೇ. ಅದನ್ನು ಮಾಡದ ಕುಕ್ಕರ್ ಎಷ್ಟು ಚೆಂದ ಇದ್ದರೂ ಸೇಟಾನ್‌ಗೆ ಬೇಡ.

ತೊಂದರೆ ಏನಂದರೆ, ಕೆಲವು ಕುಕ್ಕರ್‌ಗಳು ಲೋ ಮೇಲಿಟ್ಟರೂ ಕೊನೆಗೆ ಕುದಿಸಿಯೇ ಬಿಡುತ್ತವೆ. ಲೋ, ಹೈ ಅಂದರೆ ಎರಡು ಬೇರೆ ಬೇರೆ ಬಿಸಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾದಾ ಮಾಡೆಲ್‌ಗಳಲ್ಲಿ ಬಹುಮಟ್ಟಿಗೆ ಹಾಗಲ್ಲ. ಎರಡೂ ಕೊನೆಗೆ ಮುಟ್ಟುವುದು ಹತ್ತಿರಹತ್ತಿರ ಒಂದೇ ಬಿಸಿಯನ್ನು. ಹೈ ಬೇಗ ಮುಟ್ಟುತ್ತದೆ, ಲೋ ನಿಧಾನಕ್ಕೆ ಮುಟ್ಟುತ್ತದೆ. ಆದ್ದರಿಂದ ಡಬ್ಬದ ಮೇಲೆ ಬರೆದದ್ದನ್ನು ಸುಮ್ನೆ ನಂಬಬೇಡಿ. ತಂದ ದಿನವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ, ನೀರಿನ ಪರೀಕ್ಷೆ ಮಾಡಿ. ಪಾತ್ರೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಲ್ಲಿ ನೀರು ಹಾಕಿ, ಮುಚ್ಚಿ, ಲೋ ಮೇಲೆ 8 ಗಂಟೆ ಬಿಡಿ. ಮಧ್ಯೆ ಮುಚ್ಚಳ ತೆಗೆಯಬೇಡಿ. ಆಮೇಲೆ ತೆಗೆದ ತಕ್ಷಣ ಅಡುಗೆ ಥರ್ಮಾಮೀಟರ್ ಇಟ್ಟು ನೋಡಿ. 85ರಿಂದ 93 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಕುಕ್ಕರ್ ಒಳ್ಳೇದು. 85ಕ್ಕಿಂತ ಕಡಿಮೆ ಇದ್ದರೆ ಆಹಾರ ಸುರಕ್ಷಿತವಾಗಿ ಬೇಯುವುದು ಅನುಮಾನ, ವಾಪಸ್ ಕೊಡಿ. ಗುಳ್ಳೆ ಏಳುತ್ತಿದ್ದರೆ ಅದೂ ಬೇಡ. ನಮ್ಮ ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಮೇಲಿದೆ, ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ 96, 97 ತೋರಿಸಿದರೆ ಇನ್ನೂ 100 ಆಗಿಲ್ಲ ಅಂತ ಸಮಾಧಾನಪಡಬೇಡಿ.

ಅಳತೆಯ ವಿಷಯಕ್ಕೂ ಇದೇ ಕಾರಣ. ಸ್ಲೋ ಕುಕ್ಕರ್ ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿದ್ದರೆ ಸರಿಯಾಗಿ ನಡೆಯುತ್ತದೆ. ಆರೂವರೆ ಲೀಟರಿನದರಲ್ಲಿ ತಳಕ್ಕೆ ಮಾತ್ರ ಸಾರು ಹಾಕಿದರೆ ಬೇಗ ಕಾದು ಕುದಿಗೆ ಬರುತ್ತದೆ. ಒಂದೂವರೆ ಲೀಟರಿನದರಲ್ಲಿ ಮುದ್ದೆಗೆ ಜಾಗವೇ ಸಾಲದು. ಸೇಟಾನ್ ಸಾರು ಹೀರಿ ಹಿಗ್ಗುತ್ತದೆ ಅಲ್ವಾ, ಒತ್ತಿಕೊಂಡರೆ ಮಧ್ಯದಲ್ಲಿ ಹಸಿ ಉಳಿಯುತ್ತದೆ. ಒಂದು ಕಪ್ ಗ್ಲುಟನ್ ಪುಡಿಯಿಂದ ನಿಮ್ಮ ಮೂವರಿಗೆ ಒಂದು ಊಟಕ್ಕೆ ಆಗುತ್ತದೆ, ಎರಡು ಕಪ್ಪಿನದು ಮೂರೂವರೆ ಲೀಟರಿನಲ್ಲಿ ಆರಾಮಾಗಿ ಕೂರುತ್ತದೆ. ಮೊಟ್ಟೆಯಾಕಾರ ಹೇಳಿದ್ದು ಮುದ್ದೆಯನ್ನು ಉದ್ದ ಸುರುಳಿ ಮಾಡಿದರೆ ಬಗ್ಗದೆ ಮಲಗಲಿ ಅಂತ.

ನಾಬ್ ಯಾಕೆ? ಕರೆಂಟ್‌ಗೋಸ್ಕರ. ಗುರುವಾರ ರಿಪೇರಿ ಅಂತ ಆಗಾಗ ಕರೆಂಟ್ ತೆಗೆಯುವುದು ನಿಮಗೂ ಗೊತ್ತಿರುತ್ತದೆ. ಕರೆಂಟ್ ವಾಪಸ್ ಬಂದಾಗ ನಾಬ್‌ನದು ತಾನೇ ಶುರುವಾಗುತ್ತದೆ, ಎಷ್ಟೋ ಡಿಜಿಟಲ್‌ಗಳು ಆಫ್ ಆಗಿಯೇ ಇರುತ್ತವೆ. ಆದರೆ ನೀವು ಮನೆಯಲ್ಲಿಲ್ಲದಾಗ ಕರೆಂಟ್ ತುಂಬಾ ಹೊತ್ತು ಹೋಗಿದ್ದರೆ ಅದನ್ನು ತಿನ್ನಬೇಡಿ. ಮನೆಯಲ್ಲೇ ಇದ್ದರೆ ತಕ್ಷಣ ಸ್ಟೀಲ್ ಪಾತ್ರೆಗೆ ಸುರಿದು ಸಣ್ಣ ಉರಿಯ ಗ್ಯಾಸ್ ಮೇಲಿಡಿ. ಪಿಂಗಾಣಿ ಪಾತ್ರೆಯನ್ನೇ ಗ್ಯಾಸ್ ಮೇಲಿಟ್ಟರೆ ಸೀಳುತ್ತದೆ. ಬಿಲ್ಲಿನ ಚಿಂತೆ ಬೇಡ. ಈ ಅಳತೆಯವು ಸುಮಾರು 200 ವ್ಯಾಟ್, 8 ಗಂಟೆಗೆ ಹೆಚ್ಚೆಂದರೆ 1.6 ಯೂನಿಟ್.

ತಮ್ಮನಿಗೆ ಬೇಡ ಅನ್ನಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ನೇರ ಚುಚ್ಚಿದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಶಕ್ತಿ ಎಳೆದು ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇಟ್ಟು ಎಂಟು ಗಂಟೆ ಓಡಿಸುವುದು ಯಾಕೆ ಬೇಕು?

ಸ್ಲೋ ಕುಕ್ ಬಟನ್ ಇರುವ ಮಲ್ಟಿ ಕುಕ್ಕರ್ ಆಗುತ್ತಾ ಅಂತ ಮುಂದೆ ಕೇಳಬಹುದು. ಈಗಾಗಲೇ ಮನೆಯಲ್ಲಿದ್ದರೆ ಬಳಸಿ ನೋಡಿ, ಅದಕ್ಕೋಸ್ಕರ ಕೊಳ್ಳಬೇಡಿ. ಅವುಗಳಲ್ಲಿ ಬಿಸಿ ಬರುವುದು ತಳದಿಂದ, ತಳಕ್ಕೆ ಕೂತ ಹಿಟ್ಟು ಹಿಡಿದುಕೊಳ್ಳುತ್ತದೆ. ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಪೇಟೆಂಟ್ ಪಡೆದ ಕಾಳು ಬೇಯಿಸುವ ಪಾತ್ರೆಯೇ ಮುಂದೆ 1971ರಲ್ಲಿ ಕ್ರಾಕ್‌ಪಾಟ್ ಆಗಿ ಅಮೆರಿಕದ ಮಾರುಕಟ್ಟೆಗೆ ಬಂತು. ಪಾತ್ರೆಯನ್ನು ಸುತ್ತಲಿಂದ ಮೆಲ್ಲಗೆ ಕಾಯಿಸುವ ಆ ಉಪಾಯ ಇವತ್ತಿಗೂ ಸೇಟಾನ್‌ಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಕಾಳಿನ ಮಾತು ಬಂತು, ಇದೊಂದು ನೆನಪಿಡಿ: ಹಸಿ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರ್‌ಗೆ ಹಾಕಬೇಡಿ. ಅದರಲ್ಲಿರುವ ವಿಷದ ಅಂಶ ಆ ಮಂದ ಬಿಸಿಗೆ ಸಾಯುವುದಿಲ್ಲ. ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಚೆನ್ನಾಗಿ ಕುದಿಸಿ, ಆಮೇಲೆ ಹಾಕಿ.

ಈಗಲೇ ದುಡ್ಡು ಹಾಕಲು ಮನಸ್ಸಿಲ್ಲ ಅಂದರೆ ಇಡ್ಲಿ ಪಾತ್ರೆ ಇದೆಯಲ್ಲ. ಮುದ್ದೆಯನ್ನು ಬಾಳೆ ಎಲೆಯಲ್ಲೋ ಬಟ್ಟೆಯಲ್ಲೋ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಬೆಯಲ್ಲಿಡಿ. ಬಿಗಿದು ಕಟ್ಟಿದ್ದರಿಂದ ಜಾಸ್ತಿ ಉಬ್ಬುವುದಿಲ್ಲ. ಆದರೆ ಸಾರಿನ ರುಚಿ ಒಳಗೆ ಇಳಿಯುವುದಿಲ್ಲ, ಅದಕ್ಕೆ ಸ್ಲೋ ಕುಕ್ಕರೇ ಬೇಕು.

ಕುಕ್ಕರ್ ಬಂದ ಮೇಲೆ ಹೀಗೆ ಮಾಡಿ. ಒಂದು ಕಪ್ ಗ್ಲುಟನ್‌ಗೆ ಎರಡು ಚಮಚ ಕಡಲೆ ಹಿಟ್ಟು, ಮುಕ್ಕಾಲು ಕಪ್ ನೀರು. ಕಡಲೆ ಹಿಟ್ಟು ಹಾಕಿದರೆ ಅಗಿಯೋಕೆ ಮೆತ್ತಗಿರುತ್ತದೆ. ಎರಡು ಮೂರು ನಿಮಿಷ ನಾದಿ ಹತ್ತು ನಿಮಿಷ ಬಿಡಿ. ಸಾರನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿಯೇ ಹಾಕಿ, ತಣ್ಣೀರಿನಿಂದ ಶುರು ಮಾಡಿದರೆ ಬಿಸಿ ಏರೋಕೆ ಗಂಟೆಗಟ್ಟಲೆ ಬೇಕು. ಮುದ್ದೆ ಪೂರ್ತಿ ಮುಳುಗಬೇಕು. ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಸೋಯಾ ಸಾಸ್ ಸಾಕು. ಉಪ್ಪು ಕಡಿಮೆ ಇರಲಿ, ಪೂರ್ತಿ ಬೆಂದ ಮೇಲೆ ಸರಿ ಮಾಡಿಕೊಳ್ಳಬಹುದು. ಸುರುಳಿಗೆ ಲೋ ಮೇಲೆ ಆರರಿಂದ ಎಂಟು ಗಂಟೆ, ಸಣ್ಣ ತುಂಡಿಗೆ ನಾಲ್ಕರ ಆಸುಪಾಸು. ಬೆಂದ ತಕ್ಷಣ ಕತ್ತರಿಸಬೇಡಿ. ಆರಿಸಿ, ಸಾರಿನ ಸಮೇತ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಮರುದಿನ ಗಟ್ಟಿಯಾಗಿರುತ್ತದೆ. ಆಮೇಲೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಕಾಯಿ ಹಾಕಿ ಸುಕ್ಕ ಮಾಡಿ ನೋಡಿ. ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ.

ಪುಡಿ ತರುವ ಬದಲು ಮೈದಾ ತೊಳೆದು ಗ್ಲುಟನ್ ತೆಗೆಯುವುದಾದರೆ ಆ ಬಿಳಿ ನೀರನ್ನು ಚೆಲ್ಲಬೇಡಿ. ಅದು ಗೋಧಿಯ ಹಾಲೇ. ತಿಳಿ ಬಸಿದು, ಕೆಳಗೆ ಕೂತದ್ದಕ್ಕೆ ಬೆಲ್ಲ, ತುಪ್ಪ ಹಾಕಿ ಕೈಬಿಡದೆ ಕೆದಕಿದರೆ ಹಲ್ವ ಆಗುತ್ತದೆ. ನಿಮ್ಮ ಪಕ್ಕದ ಮರಾಠಿ ಮನೆಯವರು ಬೇಸಿಗೆಯಲ್ಲಿ ಕುರಡೈ ಅನ್ನುವ ಸಂಡಿಗೆ ಹಾಕುವುದೂ ಇಂಥದೇ ಗೋಧಿ ಹಾಲಿನಿಂದ.

ಗೋಧಿ ಪ್ರೋಟೀನ್‌ನಲ್ಲಿ ಲೈಸಿನ್ (ದೇಹಕ್ಕೆ ಬೇಕೇ ಬೇಕಾದ ಒಂದು ಅಮೈನೊ ಆಮ್ಲ) ಕಡಿಮೆ. ಮಾಂಸ ಬಿಟ್ಟವರಿಗೆ ಜೊತೆಯಲ್ಲಿ ಬೇಳೆ, ಕಾಳು ಇದ್ದೇ ಇರಲಿ. ಮನೆಗೆ ಬರುವವರಲ್ಲಿ ಯಾರಿಗಾದರೂ ಸೀಲಿಯಾಕ್ ಕಾಯಿಲೆ (ಗ್ಲುಟನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ) ಇದ್ದರೆ ಅವರಿಗೆ ಸೇಟಾನ್ ಮಾತ್ರ ಅಲ್ಲ, ಅದು ಬೆಂದ ಸಾರೂ ಬಡಿಸಬೇಡಿ.

ನೀರಿನ ಪರೀಕ್ಷೆಯಲ್ಲಿ ಎಷ್ಟು ಡಿಗ್ರಿ ಬಂತು ಅಂತ ಇಲ್ಲೇ ಬರೆಯಿರಿ. ಅದನ್ನು ನೋಡಿ ಎಷ್ಟು ಹೊತ್ತು ಬೇಯಿಸಬೇಕು ಅಂತ ಹೇಳ್ತೀನಿ.